ನಿಧಿ, ನಿಕ್ಷೇಪ ಮತ್ತು ಸ್ಥಳೀಯ ದಾಖಲೆಗಳು: ಒಂದು ಓದಿನ ಕ್ರಮದ ವಿಮರ್ಶೆ

೧

ಸ್ಥಳೀಯ ಚರಿತ್ರೆಯ ಹಳೆಯ ದಾಖಲೆಗಳಿಗೆ ಎರಡು ಬಗೆಯ ಓದುಗರಿದ್ದಾರೆ. ಶಾಸನ, ಇತಿಹಾಸ, ಜಾನಪದಗಳ ಅಭ್ಯಾಸಿಗಳು ಮೊದಲನೆಯ ವರ್ಗ. ಎರಡನೆಯ ವರ್ಗದವರು ನಿಧಿಶೋಧಕರು. ಇವರನ್ನು ಓದುಗರೆಂದು ಸಂಶೋಧನ ಲೋಕ ಪರಿಗಣಿಸಿದ್ದು ಕಡಿಮೆ. ಕೈಫಿಯತ್ತು, ಶಾಸನ ಸಂಪುಟ, ಗ್ಯಾಸೆಟಿಯರು, ಮೋಜಣಿ ನಕಾಶೆ, ಊರ ಹಿರಿಯರ ಬಾಯಲ್ಲಿ ಉಳಿದಿರುವ ಐತಿಹ್ಯ ಇವೆಲ್ಲವೂ ಈ ಎರಡೂ ವರ್ಗಕ್ಕೆ ಸಮಾನವಾದ ಆಕರಗಳು. ಹಿಂದೆ ನಿಧಿಯ ಜಾಗವನ್ನು ಗುರುತಿಸಲು ಅಂಜನ ಹಾಕಿ ನೋಡುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ತರುತ್ತಿದ್ದರು. ಇಂದು ಅದರ ಜೊತೆಗೆ ಲೋಹಶೋಧಕ ಯಂತ್ರವೂ, ಅಂದರೆ ಮೆಟಲ್ ಡಿಟೆಕ್ಟರೂ, ಸೇರಿಕೊಂಡಿದೆ. ಉಪಕರಣ ಬದಲಾದರೂ ದಾಖಲೆಯನ್ನು ಓದುವ ಕ್ರಮ ಮಾತ್ರ ಬದಲಾಗಿಲ್ಲ. ದಾಖಲೆಯಲ್ಲಿ ಹೊನ್ನಿನ ಮಾತು ಬಂದಲ್ಲಿ ನೆಲದಡಿಯಲ್ಲಿ ಹೊನ್ನಿದೆ ಎಂಬುದೇ ಆ ಕ್ರಮ.

ಈ ಓದಿನ ಪರಿಣಾಮಗಳು ಕ್ಷುಲ್ಲಕವಾದವುಗಳಲ್ಲ. ೨೦೧೯ರ ಜುಲೈ ತಿಂಗಳಲ್ಲಿ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ಒಡೆದು ಕೆಡವಲಾಯಿತು. ಕೃತ್ಯದ ಹಿಂದೆ ನಿಧಿಯಾಸೆಯಿದ್ದುದು ಪೊಲೀಸರ ತನಿಖೆಯಿಂದ ಹೊರಬಿದ್ದಿತು. ವಿಜಯನಗರದ ಅರಸರಿಂದ ಗೌರವ ಪಡೆದ, ಕೃಷ್ಣದೇವರಾಯನ ಸಿಂಹಾಸನವನ್ನೇ ಏರಿ ಕುಹಯೋಗವನ್ನು ಕಳೆದರೆಂದು ಸಂಪ್ರದಾಯ ಹೇಳುವ ಯತಿಯ ಸಮಾಧಿಯದು. ಆ ಸಂಪ್ರದಾಯ ಹೇಳುವುದು ಗುರುವಿನ ಮಹಿಮೆಯನ್ನು. ಸಮಾಧಿಯೊಳಗೆ ರಾಜಸಂಪತ್ತಿದೆ ಎಂದಲ್ಲ. ಭಕ್ತರು ಕೂಡಲೇ ಸೇರಿ ಬೃಂದಾವನವನ್ನು ಮತ್ತೆ ನಿಲ್ಲಿಸಿದರು. ಆದರೆ ಕಾವಲಿಲ್ಲದ ಹೊಲಗದ್ದೆಗಳಲ್ಲಿ ಬುಡಮೇಲಾಗುವ ವೀರಗಲ್ಲು, ನಾಗರಕಲ್ಲು, ಪಾಳುಗುಡಿಗಳ ಪಾಣಿಪೀಠಗಳಿಗೆ ಅಂತಹ ಭಕ್ತಸಮೂಹವಿಲ್ಲ.

ನಿಧಿಶೋಧವನ್ನು ಮೌಢ್ಯವೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಅದು ಒಂದು ಬಗೆಯ ಪಠ್ಯವಾಚನವೂ ಆಗಿರುವುದರಿಂದ ಅದನ್ನು ವಿಮರ್ಶೆಯ ನೆಲೆಯಲ್ಲಿಯೇ ಎದುರಿಸಬೇಕಾಗಿದೆ. ಯಾವ ದಾಖಲೆ ಯಾವ ಉದ್ದೇಶಕ್ಕೆ ಹುಟ್ಟಿತು, ಅದರಲ್ಲಿ ‘ನಿಧಿ’ ಎಂಬ ಪದಕ್ಕೆ ಯಾವ ಕೆಲಸವಿದೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲಿಗೆ ಶಾಸನಗಳನ್ನು ಗಮನಿಸಬಹುದು. ದಾನಶಾಸನಗಳಲ್ಲಿ, ಅದರಲ್ಲೂ ವಿಜಯನಗರ ಮತ್ತು ತರುವಾಯದ ಕಾಲದ ಶಾಸನಗಳಲ್ಲಿ, ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಪದಗಳ ಸರಣಿ ಮತ್ತೆ ಮತ್ತೆ ಬರುತ್ತದೆ. ಇದು ಅಷ್ಟಭೋಗ ಎಂದು ಪ್ರಸಿದ್ಧ. ಶಾಸನದಲ್ಲಿ ‘ನಿಧಿ ನಿಕ್ಷೇಪ’ ಎಂದು ಕೆತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಆ ಕಲ್ಲಿನ ಬುಡ ಅಗೆಯುವವರು ಹುಟ್ಟಿಕೊಳ್ಳುತ್ತಾರೆ. ಕಲ್ಲನ್ನು ಓದಲು ಹೋದ ಶಾಸನತಜ್ಞರಿಗೆ ಊರಿನಲ್ಲಿ ಎದುರಾಗುವ ಮೊದಲ ಪ್ರಶ್ನೆಯೂ ಸಾಮಾನ್ಯವಾಗಿ ನಿಧಿಯ ಕುರಿತಾದದ್ದೇ.

ಆದರೆ ಈ ಎಂಟು ಪದಗಳು ಸೂಚಿಸುವುದು ಎಂಟು ವಸ್ತುಗಳನ್ನಲ್ಲ, ಎಂಟು ಹಕ್ಕುಗಳನ್ನು. ಊರೊಂದನ್ನು ದತ್ತಿ ಬಿಡುವ ಅರಸನು ಅಲ್ಲಿ ನೆಲದಡಿ ಎಂದಾದರೂ ಸಿಕ್ಕಬಹುದಾದ ಧನ, ಇರಿಸಿಟ್ಟ ಒಡವೆ, ನೀರು, ಕಲ್ಲು, ಕುಂದದ ಉತ್ಪತ್ತಿ, ಮುಂದೆ ಬರುವ ಆದಾಯ, ಈಗಾಗಲೇ ಸಾಗುವಳಿಯಾದ ಭೂಮಿಯ ಫಲ, ಇನ್ನು ಮುಂದೆ ಸಾಧಿಸಿಕೊಳ್ಳಬಹುದಾದ ಫಲ ಇವೆಲ್ಲದರ ಮೇಲಿನ ತನ್ನ ಅಧಿಕಾರವನ್ನು ದಾನಿಗನಿಗೆ ಬಿಟ್ಟುಕೊಡುತ್ತಾನೆ. ನೆಲದಲ್ಲಿ ದೊರೆತ ಧನದ ಮೇಲೆ ಪ್ರಭುತ್ವಕ್ಕೆ ಹಕ್ಕಿದೆ ಎಂಬ ತತ್ತ್ವ ಬಹಳ ಹಳೆಯದು. ನಿಧಿಯ ಸುಳಿವು ನೀಡಿದವನಿಗೆ ಆರನೆಯ ಒಂದು ಪಾಲು, ಅವನು ಭೃತ್ಯನಾಗಿದ್ದರೆ ಹನ್ನೆರಡನೆಯ ಒಂದು ಪಾಲು ಎಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವೂ ನಿಧಿಯಲ್ಲಿ ಅರಸನಿಗೂ ಕಂಡವನಿಗೂ ಸಲ್ಲುವ ಪಾಲಿನ ಪ್ರಶ್ನೆಯನ್ನು ಚರ್ಚಿಸುತ್ತದೆ. ಹೀಗೆ ಅರಸನಿಗೆ ಸಲ್ಲಬೇಕಾಗಿದ್ದ ಒಂದು ಹಕ್ಕನ್ನು ದತ್ತಿಯ ಊರಿಗೆ ಸಂಬಂಧಿಸಿದಂತೆ ವರ್ಗಾಯಿಸುವ ಮಾತು ‘ನಿಧಿ ನಿಕ್ಷೇಪ’. ಇಂದಿನ ಕ್ರಯಪತ್ರದಲ್ಲಿ ಜಲ, ತರು, ನಿಧಿ, ನಿಕ್ಷೇಪ ಸಹಿತ ಎಂದು ಬರೆಯುವವರು ಆ ಹಿತ್ತಿಲಲ್ಲಿ ಕೊಪ್ಪರಿಗೆ ಇದೆ ಎಂದು ನಂಬಿ ಬರೆಯುವುದಿಲ್ಲ. ಶಾಸನದ ಬರಹಗಾರನ ಸ್ಥಿತಿಯೂ ಅದೇ ಆಗಿದ್ದಿತು. ಒಂದೇ ಸೂತ್ರವು ನೂರಾರು ಊರುಗಳ ಶಾಸನಗಳಲ್ಲಿ ಅಕ್ಷರ ವ್ಯತ್ಯಾಸವಿಲ್ಲದಂತೆ ಬರುವುದೇ ಅದು ಯಾವ ಒಂದು ಊರಿನ ನೆಲದ ವರದಿಯೂ ಅಲ್ಲ ಎಂಬುದಕ್ಕೆ ಸಾಕಾದ ಪ್ರಮಾಣ.

ಶಾಸನದ ಅಕ್ಷರಗಳಂತೆ ಅದರ ಮೇಲಿನ ಚಿತ್ರಗಳೂ ತಪ್ಪು ಓದಿಗೆ ಗುರಿಯಾಗಿವೆ. ಕಲ್ಲಿನ ನೆತ್ತಿಯ ಸೂರ್ಯ ಚಂದ್ರರು ದತ್ತಿಯು ಆಚಂದ್ರಾರ್ಕವಾಗಿ ನಡೆಯಲಿ ಎಂಬುದರ ಕುರುಹು. ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲುಗಳು ದತ್ತಿಭೂಮಿಯ ಎಲ್ಲೆಯನ್ನು ತೋರಿಸುತ್ತವೆ. ಮಾಸ್ತಿಕಲ್ಲಿನ ಬಳೆ ತೊಟ್ಟ ಕೈ ಗಂಡನೊಡನೆ ಸತ್ತ ಹೆಣ್ಣಿನ ನೆನಪು. ನಿಧಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಟವನಿಗೆ ಇವೆಲ್ಲ ಸಂಕೇತಲಿಪಿಯಾಗಿ, ಎತ್ತಿದ ಕೈ ದಿಕ್ಕು ತೋರುವ ಕೈಯಾಗಿ ಕಾಣುತ್ತವೆ. ಎಲ್ಲೆಕಲ್ಲನ್ನು ಕಿತ್ತಾಗ ಕಳೆದುಹೋಗುವುದು ಒಂದು ಕಲ್ಲಲ್ಲ. ಆ ದತ್ತಿಭೂಮಿ ಎಲ್ಲಿಂದ ಎಲ್ಲಿಯವರೆಗೆ ಇದ್ದಿತೆಂಬ ಉಳಿದಿದ್ದ ಒಂದೇ ಸಾಕ್ಷ್ಯ.

೩

ಕೈಫಿಯತ್ತುಗಳ ಸ್ವರೂಪ ಶಾಸನಗಳಿಗಿಂತ ಭಿನ್ನವಾದುದು. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾದ ಕಾಲಿನ್ ಮೆಕೆಂಜಿ (೧೭೫೪–೧೮೨೧) ತನ್ನ ದೇಶೀಯ ಸಹಾಯಕರ ಮೂಲಕ ಊರೂರುಗಳ ವೃತ್ತಾಂತಗಳನ್ನು ಬರೆಯಿಸಿ ಕೂಡಿಸಿದನು. ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಸಹೋದರರ ದುಡಿಮೆ ಈ ಸಂಗ್ರಹದ ಬೆನ್ನೆಲುಬು. ಕನ್ನಡ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾದ ಮೇಲೆ ಅವು ಹಸ್ತಪ್ರತಿ ಭಂಡಾರದಿಂದ ಹೊರಬಂದು ಎಲ್ಲರ ಕೈಗೆ ಎಟುಕುವಂತಾದವು.

ಕೈಫಿಯತ್ತು ಎಂದರೆ ವಿವರಣೆ, ಹೇಳಿಕೆ. ಹೊಸ ಆಡಳಿತದ ಮುಂದೆ ಊರಿನ ಶಾನುಭೋಗ, ಸ್ಥಾನಿಕ, ಪಾಳೆಯಗಾರ ಮನೆತನದ ವಾರಸುದಾರರು ತಮ್ಮ ಪೂರ್ವಿಕರ ಸ್ಥಿತಿ, ಇನಾಮು, ಮಾನಮರ್ಯಾದೆಗಳನ್ನು ನಿರೂಪಿಸಿಕೊಂಡ ಹೇಳಿಕೆಗಳು ಇವುಗಳಲ್ಲಿ ಹೇರಳವಾಗಿವೆ. ಆದ್ದರಿಂದ ಇವುಗಳಲ್ಲಿ ಲೆಕ್ಕವೂ ಇದೆ, ಪುರಾಣವೂ ಇದೆ, ಹಕ್ಕೊತ್ತಾಯವೂ ಇದೆ. ಹುತ್ತದ ಮೇಲೆ ಹಾಲು ಕರೆಯುವ ಹಸು, ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಗುವ ಮೊಲ, ಮಲಗಿದವನ ತಲೆಗೆ ಹೆಡೆಯ ನೆರಳು ನೀಡುವ ಸರ್ಪ, ನೆಲದಿಂದ ದೊರೆಯುವ ಕೊಪ್ಪರಿಗೆ ಹೊನ್ನು ಇವು ಊರು ಮತ್ತು ಅರಸುಮನೆತನಗಳ ಉಗಮವನ್ನು ಹೇಳುವ ಕಥೆಗಳಲ್ಲಿ ಕಾಣುವ ಆಶಯಗಳು. ಸ್ಟಿತ್ ಥಾಂಪ್ಸನ್ ತನ್ನ ಆಶಯ ಸೂಚಿಯಲ್ಲಿ ನಿಧಿಗೆ ಸಂಬಂಧಿಸಿದವುಗಳಿಗೆ ಎನ್ ೫೦೦ರಿಂದ ೫೯೯ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾನೆ. ನಿಧಿಯ ಕಾವಲು, ಅಗೆಯುವಾಗಿನ ವಿಘ್ನ ಮುಂತಾದವು ಲೋಕದ ಹಲವು ಭಾಗಗಳಲ್ಲಿ ಒಂದೇ ಬಗೆಯಲ್ಲಿ ಬರುತ್ತವೆ. ಅಷ್ಟು ವ್ಯಾಪಕವಾಗಿ ಸಂಚರಿಸುವ ಆಶಯವನ್ನು ಒಂದು ಹೊಲದ ಗುರುತೆಂದು ಹಿಡಿಯುವುದು ಸಾಧುವಲ್ಲ.

ಕೆಳದಿ ಮನೆತನದ ಮೂಲಕಥೆ ಇದಕ್ಕೆ ಉತ್ತಮ ನಿದರ್ಶನ. ಒಕ್ಕಲು ಮನೆತನದ ಚೌಡಗೌಡ, ಭದ್ರಗೌಡ ಎಂಬ ಸಹೋದರರಿಗೆ ಹಸು ಹಾಲು ಕರೆದ ಹುತ್ತದಲ್ಲಿ ಲಿಂಗ ದೊರೆಯುತ್ತದೆ. ಸರ್ಪವು ತೋರಿದ ಜಾಗದಲ್ಲಿ ನಿಧಿ ದೊರೆಯುತ್ತದೆ. ಆ ನಿಧಿ ನರಬಲಿಯನ್ನು ಬೇಡಿದಾಗ ಮನೆಯ ಆಳುಗಳಾದ ಯಾದವ, ಮುರಾರಿ ಎಂಬಿಬ್ಬರು ತಮ್ಮ ಹೆಸರು ಉಳಿಯಬೇಕೆಂಬ ಒಂದೇ ಕೋರಿಕೆಯಿಂದ ತಾವೇ ಬಲಿಯಾಗುತ್ತಾರೆ. ಕೆಳದಿ ಅರಸರು ಧರಿಸಿದ ‘ಯಡವಮುರಾರಿ’ ಎಂಬ ಬಿರುದು ಅವರ ಸ್ಮರಣೆಯೆಂದು ಐತಿಹ್ಯ ಹೇಳುತ್ತದೆ. ಪಾಠಾಂತರಗಳಲ್ಲಿ ವಿವರಗಳು ಬೇರೆಯಾದರೂ ಕಥೆಯ ಹಂದರ ಒಂದೇ.

ಈ ಕಥೆಯನ್ನು ನಿಧಿಶೋಧಕನು ಎರಡು ಸಂಗತಿಗಳಿಗಾಗಿ ಓದುತ್ತಾನೆ: ಕೆಳದಿ ಸೀಮೆಯಲ್ಲಿ ಕೊಪ್ಪರಿಗೆಗಳಿವೆ; ಅವನ್ನು ತೆಗೆಯಲು ಬಲಿ ಬೇಕು. ಕಥೆ ನಿಜವಾಗಿ ಮಾಡುವ ಕೆಲಸ ಬೇರೆಯದು. ಒಕ್ಕಲಿನ ಮನೆಯವರು ನಾಯಕರಾದದ್ದು ಹೇಗೆ ಎಂಬ ಪ್ರಶ್ನೆಗೆ ಅದು ಉತ್ತರಿಸುತ್ತದೆ. ತೆರಿಗೆ, ದಂಡು, ವಿಜಯನಗರದ ಮನ್ನಣೆ ಇವುಗಳಿಂದ ಕೂಡಿದ ದೀರ್ಘವಾದ ಏಳಿಗೆಯನ್ನು ಅದು ದೈವ ತೋರಿದ ಒಂದು ಕೊಪ್ಪರಿಗೆಗೆ ಇಳಿಸುತ್ತದೆ. ಯಾರಿಂದಲೂ ಕಿತ್ತುಕೊಳ್ಳದ ಸಂಪತ್ತು ಎಂಬುದೇ ನಿಧಿಯ ಕಥನಶಕ್ತಿ. ಬಿರುದಿನ ವಿಚಾರದಲ್ಲಿಯೂ, ಅರ್ಥ ಮಸುಕಾದ ಬಿರುದೊಂದನ್ನು ವಿವರಿಸಲು ತರುವಾಯ ಹುಟ್ಟಿದ ನಿರುಕ್ತಿಕಥೆ ಇದೆಂದು ಭಾವಿಸಲು ಅವಕಾಶವಿದೆ.

ಇನ್ನೊಂದು ಸಂಗತಿ ಗಮನಾರ್ಹ. ಕಥೆಯಲ್ಲಿ ಹೊನ್ನು ದೊರೆಯುವುದು ಒಡೆಯರಿಗೆ, ಪ್ರಾಣ ಹೋಗುವುದು ಆಳುಗಳಿಗೆ. ಆ ಸಾವನ್ನು ಕಥೆ ಸ್ವಇಚ್ಛೆಯ ದಾನವಾಗಿ ಮಾರ್ಪಡಿಸಿ, ಬಿರುದಿನ ಗೌರವದಿಂದ ಸಾಲ ತೀರಿಸಿದಂತೆ ಮಾಡುತ್ತದೆ. ರಾಜವಂಶದ ದೃಷ್ಟಿಯಿಂದ ಹೇಳಿದ ಕಥೆಯಲ್ಲಿ ಆ ಇಬ್ಬರ ಮನೆಯವರ ಮಾತಿಲ್ಲ. ಹಳೆಯ ವೃತ್ತಾಂತಗಳನ್ನು ಸಂಪಾದಿಸುವವರು ಈ ಮೌನವನ್ನು ಗುರುತಿಸದೆ, ಬಲಿಯ ಪ್ರಸಂಗವನ್ನು ಸ್ವಾಮಿನಿಷ್ಠೆಯ ರೋಚಕ ಉದಾಹರಣೆಯಾಗಿ ಮಾತ್ರ ಎತ್ತಿ ಹೇಳಿದರೆ ನಿಧಿಶೋಧಕನ ಓದಿಗೆ ತಾವೇ ಪುಷ್ಟಿ ಕೊಟ್ಟಂತಾಗುತ್ತದೆ. ಇದು ಕೇವಲ ಸಾಹಿತ್ಯಕ ಆಕ್ಷೇಪವಲ್ಲ. ನಿಧಿಯ ಶೋಧಕ್ಕಾಗಿ ನಡೆಸುವ ಅಮಾನುಷ ಆಚರಣೆಗಳನ್ನು ೨೦೧೭ರ ಕರ್ನಾಟಕದ ವಾಮಾಚಾರ ಪ್ರತಿಬಂಧಕ ಕಾಯ್ದೆಯು ಅಪರಾಧಗಳ ಪಟ್ಟಿಯಲ್ಲಿ ಸೇರಿಸಬೇಕಾಗಿ ಬಂದಿತೆಂಬುದೇ ಈ ನಂಬಿಕೆ ಇನ್ನೂ ಜೀವಂತವಾಗಿರುವುದನ್ನು ತೋರಿಸುತ್ತದೆ.

ಮನೆತನದ ಅಂತ್ಯವೂ ಇಂತಹುದೇ ಓದಿಗೆ ಒಳಗಾಗಿದೆ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ದೊರೆತ ಅಪಾರ ಸಂಪತ್ತೇ ಅವನ ಮುಂದಿನ ಏಳಿಗೆಗೆ ಬುನಾದಿಯಾಯಿತೆಂದು ಚರಿತ್ರಕಾರರು ಹೇಳುತ್ತಾರೆ. ಅಂದರೆ ದಾಖಲೆಯ ಪ್ರಕಾರ ಸಂಪತ್ತು ಗೆದ್ದವನ ಪಾಲಾಯಿತು. ನಿಧಿಯ ಐತಿಹ್ಯಕ್ಕೆ ಮಾತ್ರ ಅದು ಒಪ್ಪಿತವಲ್ಲ. ಅರಮನೆಯ ಭಂಡಾರ ಬರಿದಾದಷ್ಟೂ ಜನರ ನೆನಪಿನಲ್ಲಿ ನೆಲದಡಿಯ ಭಂಡಾರ ತುಂಬುತ್ತ ಹೋಗುತ್ತದೆ.

೪

ಕಥೆ, ಶಾಸನಗಳನ್ನು ಬಿಟ್ಟು ಕಂದಾಯ ದಾಖಲೆಗಳಿಗೆ ಬಂದರೆ ನಿಧಿಶೋಧಕನ ಓದು ಸ್ವಲ್ಪ ಹೆಚ್ಚು ಸಮರ್ಥವೆಂದು ತೋರಬಹುದು. ಕಂದಾಯದ ಕಡತಗಳಲ್ಲಿ ಜನವಸತಿಯಿಲ್ಲದ ಊರುಗಳನ್ನು ‘ಬೇಚರಾಕ್’ ಎಂದು ನಮೂದಿಸುವುದುಂಟು. ದೀಪವಿಲ್ಲದ್ದು ಎಂಬ ಅರ್ಥದ ಪಾರಸಿ ಮಾತಿನಿಂದ ಬಂದ ಪದವಿದು. ಹಾಳೂರು, ಹಳೇಕೋಟೆ, ಸಂತೆಮಾಳ ಮುಂತಾದ ಹೊಲದ ಹೆಸರುಗಳೂ ಹಿಂದಿನ ವಸತಿಯ ಕುರುಹುಗಳೇ. ಜನ ಬಾಳಿದ ಕಡೆ ಜನರ ವಸ್ತುಗಳು ಉಳಿದಿರುತ್ತವೆ ಎಂಬ ತರ್ಕದಲ್ಲಿ ತಪ್ಪಿಲ್ಲ.

ಇಂಗ್ಲೆಂಡಿನಲ್ಲಿ ಲೋಹಶೋಧವನ್ನು ಹವ್ಯಾಸವಾಗಿ ನಡೆಸುವವರು ದಾಖಲೆಗಳನ್ನು ಬಳಸುವುದು ಈ ತರ್ಕದಿಂದಲೇ. ಚರ್ಚಿಗೆ ಸಲ್ಲುತ್ತಿದ್ದ ದಶಮಾಂಶದ ಪರಿವರ್ತನೆಗಾಗಿ ೧೮೩೬ರ ಕಾಯ್ದೆಯ ಬಳಿಕ ತಯಾರಾದ ಗ್ರಾಮ ನಕಾಶೆಗಳಲ್ಲಿ ಹೊಲದ ಹೆಸರು, ಕಾಲುದಾರಿ, ಮರೆಯಾದ ಮನೆಗಳ ವಿವರಗಳಿವೆ. ಹಳೆಯ ಜಾತ್ರೆಯ ಮೈದಾನ, ನದಿಯ ಹಾಯ್ಗಡ, ಪಾಳುಬಿದ್ದ ಊರು ಇವುಗಳನ್ನು ಅವುಗಳಿಂದ ಗುರುತಿಸುತ್ತಾರೆ. ಅಲ್ಲಿ ಹುಡುಕುವುದು ಬಹುಮಟ್ಟಿಗೆ ಹೂಳಿಟ್ಟ ಧನವನ್ನಲ್ಲ; ಜನರ ಕೈಯಿಂದ ಜಾರಿಬಿದ್ದ ನಾಣ್ಯ, ಗುಂಡಿ, ಕೊಂಡಿಗಳನ್ನು. ಹೂಳಿಟ್ಟದ್ದು ಮತ್ತು ಕಳೆದುಹೋದದ್ದು ಎಂಬ ಈ ವ್ಯತ್ಯಾಸ ಮುಖ್ಯವಾದುದು. ಸಂತೆ ಎಲ್ಲಿ ಕೂಡುತ್ತಿತ್ತೆಂದು ದಾಖಲೆ ಹೇಳಬಲ್ಲದು, ಏಕೆಂದರೆ ಸಂತೆ ಬಹಿರಂಗವಾದುದು. ಧನವನ್ನು ಹೂಳಿಡುವುದು ರಹಸ್ಯ ಕಾರ್ಯ. ಹೂಳಿಟ್ಟವನು ಅದನ್ನು ಬರೆದಿಡಲಿಲ್ಲ. ಬರೆದವನಿಗೆ ಹೂಳಿಟ್ಟದ್ದು ತಿಳಿದಿರಲಿಲ್ಲ.

ದೊರೆತ ನಿಧಿಗಳ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟು ದೊರೆತದ್ದು ರೈಲುಮಾರ್ಗದ ಕೆಲಸಕ್ಕಾಗಿ ನೆಲ ಅಗೆದಾಗ. ಅದರ ಸುಳಿವು ಯಾವ ಶಾಸನದಲ್ಲಿಯೂ ಇರಲಿಲ್ಲ. ೧೯೯೨ರಲ್ಲಿ ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಹಾಕ್ಸನ್ ಗ್ರಾಮದಲ್ಲಿ ಸುಮಾರು ೧೫,೦೦೦ ರೋಮನ್ ನಾಣ್ಯಗಳೂ ಬೆಳ್ಳಿಬಂಗಾರದ ಸಾಮಾನುಗಳೂ ದೊರೆತವು. ಕಂಡವನು ಅಂದು ಹುಡುಕುತ್ತಿದ್ದುದು ರೈತನೊಬ್ಬ ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು. ಆತ ಮುಂದೆ ಅಗೆಯದೆ ಸುದ್ದಿ ತಿಳಿಸಿದ್ದರಿಂದ ಪುರಾತತ್ತ್ವಜ್ಞರು ವಸ್ತುಗಳನ್ನು ಇಟ್ಟ ಕ್ರಮದಲ್ಲಿಯೇ, ಪೆಟ್ಟಿಗೆಯ ಗುರುತುಗಳ ಸಮೇತ, ದಾಖಲಿಸಲು ಸಾಧ್ಯವಾಯಿತು. ಅಲ್ಲಿ ೧೯೯೬ರ ನಿಧಿ ಕಾಯ್ದೆ ಮತ್ತು ೧೯೯೭ರಲ್ಲಿ ಆರಂಭವಾದ ಬಿಡಿ ಪ್ರಾಚ್ಯವಸ್ತುಗಳ ದಾಖಲಾತಿ ಯೋಜನೆಗಳು ಕಂಡದ್ದನ್ನು ವರದಿ ಮಾಡುವ ರೂಢಿಯನ್ನು ಬೆಳೆಸಿವೆ. ಹತ್ತು ಲಕ್ಷಕ್ಕೂ ಮೀರಿದ ವಸ್ತುಗಳು ದಾಖಲಾಗಿವೆ. ಹಾಗಿದ್ದೂ ರಾತ್ರಿ ಕದ್ದು ಅಗೆಯುವವರ ಕಾಟ ಅಲ್ಲಿಯೂ ತಪ್ಪಿಲ್ಲ.

ಭಾರತದಲ್ಲಿ ಅಂತಹ ವ್ಯವಸ್ಥೆಯಿಲ್ಲ; ಇರುವ ಕಾನೂನಿನ ಚೌಕಟ್ಟು ಬೇರೆ. ೧೮೭೮ರ ಭಾರತೀಯ ನಿಧಿ ಕಾಯ್ದೆಯು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ದೊರೆತವನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ವಾರಸುದಾರರಿಲ್ಲದ ನಿಧಿಯಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಡವನಿಗೆ ಮುಕ್ಕಾಲು, ಭೂಮಾಲೀಕನಿಗೆ ಕಾಲು ಪಾಲೆಂದು ಅದು ನಿಗದಿಪಡಿಸಿತು. ಕರ್ನಾಟಕದಲ್ಲಿ ಈ ವಿಷಯಕ್ಕೆ ೧೯೬೨ರ ರಾಜ್ಯ ಕಾಯ್ದೆಯಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದ ಉತ್ಖನನವನ್ನು ೧೯೫೮ರ ಕೇಂದ್ರ ಕಾಯ್ದೆ ನಿಷೇಧಿಸುತ್ತದೆ. ಆದರೆ ರಾಜ್ಯದ ಪ್ರಾಚೀನ ನೆಲೆಗಳಲ್ಲಿ ಬಹುಪಾಲು ಯಾವ ಸಂರಕ್ಷಣೆಯ ಪಟ್ಟಿಯಲ್ಲಿಯೂ ಇಲ್ಲ.

ಯಂತ್ರದ ಬಗೆಗಿನ ಭ್ರಮೆಯನ್ನೂ ಪರಿಶೀಲಿಸಬೇಕು. ಸಾಮಾನ್ಯ ಲೋಹಶೋಧಕವು ನಾಣ್ಯದಷ್ಟು ಚಿಕ್ಕ ವಸ್ತುವನ್ನು ಗೇಣುದ್ದ ಆಳದ ಆಸುಪಾಸಿನಲ್ಲಿ ಮಾತ್ರ ಗುರುತಿಸಬಲ್ಲದು. ಕಬ್ಬಿಣದ ಅಂಶ ಹೆಚ್ಚಿರುವ ಜಂಬಿಟ್ಟಿಗೆ ನೆಲದಲ್ಲಿ ಮಣ್ಣೇ ಸದ್ದು ಹೊರಡಿಸುತ್ತದೆ. ಅಂಜನದಲ್ಲಿ ಕಂಡ ಬಿಂಬದಂತೆಯೇ ಯಂತ್ರದ ಸದ್ದೂ ಅರ್ಥೈಸುವವನ ಆಸೆಯಿಂದ ಅರ್ಥ ಪಡೆಯುತ್ತದೆ. ೨೦೧೩ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ದೌಂಡಿಯಾ ಖೇಡಾದಲ್ಲಿ ಸಾಧುವೊಬ್ಬರ ಕನಸಿನ ೧,೦೦೦ ಟನ್ ಬಂಗಾರದ ಮಾತು, ೧೮೫೭ರ ಹೋರಾಟದ ಸ್ಥಳೀಯ ಅರಸನ ಐತಿಹ್ಯ, ನೆಲದಡಿ ಲೋಹಾಂಶವಿರಬಹುದೆಂಬ ಭೂವೈಜ್ಞಾನಿಕ ಪರೀಕ್ಷೆಯ ಸೂಚನೆ ಇವು ಮೂರೂ ಕೂಡಿದಾಗ ಸರ್ಕಾರಿ ಪುರಾತತ್ತ್ವ ಇಲಾಖೆಯೇ ಅಗೆತಕ್ಕೆ ತೊಡಗಿತು. ದೊರೆತದ್ದು ಮಡಕೆಯ ಚೂರು, ಬಳೆಯ ತುಣುಕು, ಒಲೆಯ ಅವಶೇಷ. ಚರಿತ್ರೆಯ ಅಭ್ಯಾಸಿಗೆ ಅವು ಬೆಲೆಯುಳ್ಳವು. ದೇಶ ಕಾಯುತ್ತಿದ್ದುದು ಮಾತ್ರ ಅವುಗಳಿಗಾಗಿ ಅಲ್ಲ.

ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಶಿಲಾಸಮಾಧಿಗಳಂತಹ ಬೃಹತ್ ಶಿಲಾಯುಗದ ನೆಲೆಗಳಲ್ಲಿಯೂ ಮಾತು ಇದೇ. ಅಂತಹ ಸಮಾಧಿಗಳು ಸಾಮಾನ್ಯವಾಗಿ ಒಳಗೊಂಡಿರುವುದು ಮೂಳೆ, ಮಡಕೆ, ಕಬ್ಬಿಣದ ಆಯುಧಗಳನ್ನು. ಯಂತ್ರ ಸದ್ದು ಮಾಡುವುದು ಆ ತುಕ್ಕು ಹಿಡಿದ ಕಬ್ಬಿಣಕ್ಕೆ. ಅಗೆದವನು ಅದನ್ನು ಎಸೆದು ಹೋಗುತ್ತಾನೆ. ಯಾವ ಮಡಕೆಯ ಪಕ್ಕದಲ್ಲಿ, ಯಾವ ಪದರದಲ್ಲಿ ಅದು ಇದ್ದಿತೆಂಬ ತಿಳಿವಳಿಕೆ ಅಲ್ಲಿಗೆ ಮುಗಿಯುತ್ತದೆ.

೫

ಜನಪದ ಪರಂಪರೆಯನ್ನು ನಿಧಿಯ ಆಸೆಗೆ ಮೂಲವೆಂದು ದೂರುವುದು ಅರ್ಧಸತ್ಯ. ಅದೇ ಪರಂಪರೆಯಲ್ಲಿ ಆ ಆಸೆಯ ವಿಮರ್ಶೆಯೂ ಇದೆ. ಋಣವಿಲ್ಲದವನ ಕೈಯಲ್ಲಿ ಹೊನ್ನು ಇದ್ದಿಲಾಗುತ್ತದೆ, ಚೇಳಾಗುತ್ತದೆ; ಆಸೆಪಟ್ಟು ಬೆನ್ನಟ್ಟಿದವನಿಂದ ಕೊಪ್ಪರಿಗೆ ಸರಿದುಹೋಗುತ್ತದೆ; ನಿಧಿ ತೆಗೆದ ಮನೆಯಲ್ಲಿ ಸಂತಾನ ನಿಲ್ಲುವುದಿಲ್ಲ. ಹೊಲದಲ್ಲಿ ನಿಧಿಯಿದೆ ಎಂದು ಹೇಳಿ ಕಣ್ಣುಮುಚ್ಚಿದ ತಂದೆಯ ಮಾತು ನಂಬಿ ಹೊಲವನ್ನೆಲ್ಲ ಅಗೆದ ಸೋಮಾರಿ ಮಕ್ಕಳು ಕೊನೆಗೆ ಒಳ್ಳೆಯ ಬೆಳೆ ಪಡೆಯುವ ಕಥೆ ಕನ್ನಡ ನಾಡಿನಲ್ಲಿ ಚಿರಪರಿಚಿತ. ದೊರೆಯದ, ದೊರೆತರೂ ದಕ್ಕದ ನಿಧಿಯ ಈ ಕಥೆಗಳನ್ನು ನಿಧಿಶೋಧಕ ನೆನಪಿಸಿಕೊಳ್ಳುವುದಿಲ್ಲ.

ಆದರೆ ಸಂಶೋಧಕರ ಹೊಣೆ ಇಲ್ಲಿ ನಿಲ್ಲುವುದಿಲ್ಲ. ಬಿ.ಎಲ್. ರೈಸ್ ೧೮೮೬ರಿಂದ ಮುಂದಿನ ಎರಡು ದಶಕಗಳಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಹೊರತಂದಾಗ ಪ್ರತಿಯೊಂದು ಶಾಸನವೂ ಯಾವ ಊರಿನ ಯಾವ ಗುಡಿಯ ಬಳಿ, ಯಾವ ಹೊಲದಲ್ಲಿದೆ ಎಂಬುದನ್ನು ನಮೂದಿಸುವ ಕ್ರಮ ನೆಲೆಗೊಂಡಿತು. ಪರಿಶೀಲನೆಗೆ ಅವಕಾಶವಿರಬೇಕೆಂಬುದು ಅದರ ಉದ್ದೇಶ, ಅದು ಸರಿಯೇ. ಆದರೆ ಸ್ಥಾನಿಕ ವಿವರ ಇದೆ, ಅರ್ಥವಿವರಣೆ ಇಲ್ಲ ಎಂಬ ಸ್ಥಿತಿಯಲ್ಲಿ ಗ್ರಂಥವು ವಿದ್ವಾಂಸನಿಗಿಂತ ಗುದ್ದಲಿ ಹಿಡಿದವನಿಗೆ ಹೆಚ್ಚು ಉಪಯುಕ್ತವಾಗುವ ಅಪಾಯವಿದೆ. ಮೂರು ಎಚ್ಚರಗಳು ಅಗತ್ಯವೆನಿಸುತ್ತವೆ. ಕೈಫಿಯತ್ತು, ಸ್ಥಳಪುರಾಣಗಳನ್ನು ಸಂಪಾದಿಸುವಾಗ ನಿಧಿಯ ಪ್ರಸಂಗಗಳಿಗೆ ಅವು ಸಂಚಾರಿ ಆಶಯಗಳೆಂಬ ಟಿಪ್ಪಣಿ ಇರಬೇಕು. ಕಾವಲಿಲ್ಲದ ಹೊಸ ನೆಲೆಗಳ ಖಚಿತ ಸ್ಥಾನವನ್ನು ಇಲಾಖೆಗೆ ಸಲ್ಲಿಸುವ ವರದಿಗೆ ಮೀಸಲಿರಿಸಿ, ಜನಪ್ರಿಯ ಬರಹಗಳಲ್ಲಿ ಊರಿನ ಹೆಸರಿಗೆ ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಶಾಸನದ ಪಡಿಯಚ್ಚು ತೆಗೆದುಕೊಂಡು ಹೊರಡುವ ಮೊದಲು ಅದರಲ್ಲಿ ಏನಿದೆ ಎಂಬುದನ್ನು ಆ ಊರಿನವರಿಗೆ ಓದಿ ಹೇಳಬೇಕು.

ಕ್ಷೇತ್ರಕಾರ್ಯದಲ್ಲಿ ಈ ಮೂರನೆಯ ಕೆಲಸವೇ ಬಹಳ ಸಲ ಉಳಿದುಹೋಗುತ್ತದೆ. ತುರು ಕಾಯಲು ಹೋಗಿ ಸತ್ತವನ ಹೆಸರು, ಕೆರೆ ಕಟ್ಟಿಸಿದವಳ ಹೆಸರು, ಆ ಕೆರೆಯ ಕೆಳಗೆ ದತ್ತಿ ಬಿಟ್ಟ ಗದ್ದೆಯ ಅಳತೆ ಇವು ಕಲ್ಲಿನ ಮೇಲಿವೆ. ತಿಳಿಸಿ ಹೇಳದಿದ್ದಲ್ಲಿ ಊರಿನ ಪಾಲಿಗೆ ಆ ಕಲ್ಲು ಓದಲಾಗದ ಒಂದು ಗುಟ್ಟಾಗಿಯೇ ಉಳಿಯುತ್ತದೆ. ಗುಟ್ಟೆಂದು ತಿಳಿದ ಕಲ್ಲಿನ ಬುಡವನ್ನು ಅಗೆಯಲು ಇಂದಲ್ಲ ನಾಳೆ ಯಾರಾದರೊಬ್ಬರು ಬರುತ್ತಾರೆ.